ಬಂದಳಿಕೆಯ ಕಲ್ಲು, ವಿದ್ಯಾಲಯದ ಮೋಡ

ಮೋಡವೆಂಬುದು ಮಲೆನಾಡಿನವರಿಗೆ ಹೊಸ ಪದಾರ್ಥವಲ್ಲ. ಜೂನ್ ತಿಂಗಳು ಮೊದಲುಗೊಂಡು ಮೂರು ನಾಲ್ಕು ತಿಂಗಳ ಕಾಲ ಅದು ನಮ್ಮ ತಲೆಯ ಮೇಲೆಯೇ ಇರುತ್ತದೆ. ಬಾರದಿದ್ದರೆ ಬೈಯುತ್ತೇವೆ, ಬಂದದ್ದು ಹೋಗದಿದ್ದರೂ ಬೈಯುತ್ತೇವೆ. ಆದರೆ ಈಚಿನ ಹತ್ತು ಹದಿನೈದು ವರ್ಷಗಳಿಂದ ನಮ್ಮ ವಿಶ್ವವಿದ್ಯಾನಿಲಯಗಳ ಕಚೇರಿಗಳಲ್ಲಿಯೂ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿಯೂ ಮತ್ತೊಂದು ಮೋಡದ ಮಾತು ಕೇಳಿಬರುತ್ತಿದೆ. ಹುಡುಗನ ಅಂಕಪಟ್ಟಿ ಎಲ್ಲಿದೆಯೆಂದು ಕೇಳಿದರೆ ಕ್ಲೌಡಿನಲ್ಲಿದೆ ಎನ್ನುತ್ತಾರೆ. ಪಾಠದ ಟಿಪ್ಪಣಿಯೂ ಅಲ್ಲಿಯೇ, ಸಂಶೋಧನ ಪ್ರಬಂಧವೂ ಅಲ್ಲಿಯೇ. ಹೇಳಿದವರಿಗೂ ಕೇಳಿದವರಿಗೂ ಅದು ನಿಜವಾಗಿ ಎಲ್ಲಿದೆಯೆಂಬುದು ಸ್ಪಷ್ಟವಿರುವುದಿಲ್ಲ.

ಅದಿರುವುದು ನೆಲದ ಮೇಲೆಯೇ. ಮುಂಬಯಿಯಲ್ಲಿಯೋ ಹೈದರಾಬಾದಿನಲ್ಲಿಯೋ ಕಟ್ಟಿದ ವಿಶಾಲವಾದ ಕಟ್ಟಡಗಳೊಳಗೆ ಸಾವಿರಾರು ಗಣಕಯಂತ್ರಗಳು ಹಗಲಿರುಳೂ ಓಡುತ್ತಿರುತ್ತವೆ. ಅವು ಬಿಸಿಯೇರದಂತೆ ತಂಪನ್ನೂ, ನಿಲ್ಲದಂತೆ ವಿದ್ಯುತ್ತನ್ನೂ ಒದಗಿಸುವ ಏರ್ಪಾಡು ಅಲ್ಲಿಯೇ ಇರುತ್ತದೆ. ಆ ಯಂತ್ರಗಳ ಶಕ್ತಿಯನ್ನೂ ಅವುಗಳೊಳಗಿನ ಸ್ಥಳವನ್ನೂ ದೂರದಲ್ಲಿರುವವರು ಜಾಲದ ಮೂಲಕ, ಬೇಕಾದಾಗ ಬೇಕಾದಷ್ಟು, ಬಾಡಿಗೆಗೆ ಪಡೆಯುವ ಪದ್ಧತಿಗೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು. ೨೦೦೬ರಲ್ಲಿ ಅಮೆಜಾನ್ ಸಂಸ್ಥೆ ಇದನ್ನು ದೊಡ್ಡ ಪ್ರಮಾಣದ ವ್ಯಾಪಾರವಾಗಿ ಆರಂಭಿಸಿತು. ನಮ್ಮ ಕೇಂದ್ರ ಸರ್ಕಾರವೂ ೨೦೧೪ರ ಫೆಬ್ರವರಿಯಲ್ಲಿ ತನ್ನ ಇಲಾಖೆಗಳಿಗಾಗಿ ಇಂಥದೊಂದನ್ನು ಏರ್ಪಡಿಸಿತು. ಆ ಯೋಜನೆಗೆ 'ಮೇಘರಾಜ' ಎಂಬ ಸೊಗಸಾದ ಹೆಸರಿದೆ. ಹೀಗೆ ಬಾಡಿಗೆಗೆ ಪಡೆಯುವುದರಲ್ಲಿ ಮೂರು ಬಗೆ. ಬರಿಯ ಯಂತ್ರವನ್ನು ಪಡೆದು ಮಿಕ್ಕುದನ್ನೆಲ್ಲ ನಾವೇ ಮಾಡಿಕೊಳ್ಳಬಹುದು. ಅದು ಬೀಳುನೆಲವನ್ನು ಗೇಣಿಗೆ ಹಿಡಿದಂತೆ. ಕೆಲಸದ ಸಲಕರಣೆಗಳ ಸಹಿತ ಪಡೆಯಬಹುದು. ಅದು ಉತ್ತು ಹದಮಾಡಿದ ಗದ್ದೆಯನ್ನು ಹಿಡಿದಂತೆ. ಸಿದ್ಧವಾದ ಸೇವೆಯನ್ನೇ, ಎಂದರೆ ಅಂಚೆ, ಪ್ರವೇಶದ ಅರ್ಜಿ, ಫಲಿತಾಂಶದ ಪಟ್ಟಿ ಮೊದಲಾದವನ್ನು, ನೇರವಾಗಿ ಪಡೆಯಬಹುದು. ಅದು ಅಡಿಗೆಯಾದ ಊಟಕ್ಕೆ ಎಲೆ ಹಾಕಿಸಿಕೊಂಡಂತೆ. ನಮ್ಮ ವಿದ್ಯಾಸಂಸ್ಥೆಗಳು ಹೆಚ್ಚಾಗಿ ಕುಳಿತಿರುವುದು ಈ ಮೂರನೆಯ ಪಂಕ್ತಿಯಲ್ಲಿ.

ಈ ವಿಷಯವನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಬಂದಳಿಕೆಗೆ ಹೋಗುತ್ತದೆ. ಶಿಕಾರಿಪುರಕ್ಕೂ ಸೊರಬಕ್ಕೂ ನಡುವಣ ಆ ಹಾಳೂರಿಗೂ ಈ ನವೀನ ಯಂತ್ರವಿದ್ಯೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂದೇ ನನ್ನ ನಂಬಿಕೆ. ವಿದ್ಯೆಯನ್ನೂ ವಿದ್ಯೆಯ ದಾಖಲೆಯನ್ನೂ ಇನ್ನೊಬ್ಬರ ಮನೆಯಲ್ಲಿ ಇರಿಸುವುದು ನಮಗೆ ಹೊಸತಲ್ಲ. ಇರಿಸುವಾಗ ಪತ್ರ ಬರೆಸಿಕೊಳ್ಳದಿರುವುದು ಮಾತ್ರ ಹೊಸತು. ನಾನು ಹೇಳಬೇಕೆಂದಿರುವುದು ಇಷ್ಟೇ.

ನಾಗರಖಂಡದ ನೆನಪು

ಬಂದಳಿಕೆಯನ್ನು ಹಿಂದೆ ಬಂದಣಿಕೆ, ಬಾಂಧವಪುರ ಎಂದು ಕರೆಯುತ್ತಿದ್ದರು. ಬನವಾಸಿ ಹನ್ನೆರಡು ಸಾವಿರಕ್ಕೆ ಸೇರಿದ ನಾಗರಖಂಡ ಎಪ್ಪತ್ತಕ್ಕೆ ಅದು ಮುಖ್ಯಸ್ಥಳ. ಈಗ ಅಲ್ಲಿ ಅರಮನೆಯಿಲ್ಲ, ಅಂಗಡಿ ಬೀದಿಯಿಲ್ಲ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ರಾಮಾಯಣ ಮಹಾಭಾರತಗಳ ಕಥೆಯನ್ನು ಕಲ್ಲಿನ ಜಾಲಂಧ್ರಗಳಲ್ಲಿ ಕಂಡರಿಸಿರುವ ಆನೇಕಲ್ಲು ಸೋಮೇಶ್ವರ ಗುಡಿ, ಇವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ನಿಂತಿವೆ, ಜೊತೆಗೆ ಶಾಸನಗಳಿವೆ. ಅವುಗಳಲ್ಲೊಂದು ಜಕ್ಕಿಯಬ್ಬೆಯದು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡನಾಗಿದ್ದ ಗಂಡ ನಾಗಾರ್ಜುನನು ತೀರಿಕೊಂಡ ಮೇಲೆ, ಆ ಅಧಿಕಾರವನ್ನು ಜಕ್ಕಿಯಬ್ಬೆಗೆ ಕೊಟ್ಟರು. ಆಕೆ ಏಳು ವರ್ಷಗಳಷ್ಟು ಕಾಲ ನಾಡನ್ನು ಆಳಿ, ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ೯೧೮ರಲ್ಲಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಕೈಕೊಂಡಳು.

ಸಾವಿರದ ನೂರು ವರ್ಷಗಳ ಹಿಂದೆ ಹೆಣ್ಣುಮಗಳೊಬ್ಬಳು ನಾಡನ್ನಾಳಿದ ಸಂಗತಿ ನಮಗೆ ಹೇಗೆ ತಿಳಿಯಿತು? ಕಲ್ಲಿನಲ್ಲಿ ಕೊರೆದಿದ್ದುದರಿಂದ ಎಂದರೆ ಅರ್ಧ ಉತ್ತರವಾಯಿತು. ಕಲ್ಲು ಊರಿನಲ್ಲಿದ್ದಿತು, ಊರು ಹಾಳಾಗಿದ್ದಿತು. ಬಿ. ಎಲ್. ರೈಸ್ ಅವರು ಅದರ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇಂಗ್ಲಿಷ್ ಅನುವಾದದೊಡನೆ ೧೯೦೨ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಶಿಕಾರಿಪುರ ೨೧೯ ಎಂಬ ಸಂಖ್ಯೆ ಹೇಳಿದರೆ ಸಾಕು, ಲಂಡನ್ನಿನಲ್ಲಿರುವ ವಿದ್ವಾಂಸನೂ ಧಾರವಾಡದ ವಿದ್ಯಾರ್ಥಿಯೂ ಅದೇ ಕಲ್ಲಿನ ಮುಂದೆ ನಿಂತಂತಾಗುತ್ತದೆ. ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯವು ಆ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿತು. ಈಗ ರೈಸ್ ಅವರ ಸಂಪುಟಗಳ ಛಾಯಾಪ್ರತಿಗಳು ಜಾಲದಲ್ಲಿಯೂ ದೊರೆಯುತ್ತವೆ. ಮೂಲವಿರುವುದು ಕಾಡಿನಲ್ಲಿ, ಅಚ್ಚಾದ ಪ್ರತಿಗಳು ಹಲವು ದೇಶಗಳ ಪುಸ್ತಕಭಂಡಾರಗಳಲ್ಲಿ, ಛಾಯೆ ಮೋಡದಲ್ಲಿ. ಯಾವ ಒಂದು ಮನೆ ಬಿದ್ದರೂ ಮಾತು ಉಳಿಯುತ್ತದೆ. ಮೋಡವನ್ನು ಒಪ್ಪುವುದೆಂದರೆ ಮಿಕ್ಕ ಮನೆಗಳನ್ನು ಬಿಡುವುದೆಂದಲ್ಲವೆಂಬ ಪಾಠ ಇದರಲ್ಲಿಯೇ ಇದೆ.

ಸಮೀಪದ ಬಳ್ಳಿಗಾವೆಯದು ಇನ್ನೊಂದು ಸಾಕ್ಷಿ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವರ ವಿದ್ಯಾಪೀಠ. ಕಲಚುರಿ ಬಿಜ್ಜಳನ ಕಾಲದ ೧೧೬೨ರ ಶಾಸನವೊಂದು ಅದರ ಪಠ್ಯವಿಷಯಗಳನ್ನು ಎಣಿಸುತ್ತದೆ. ನಾಲ್ಕು ವೇದಗಳು, ಪಾಣಿನಿ ಶಾಕಟಾಯನ ಮುಂತಾದವರ ವ್ಯಾಕರಣಗಳು, ದರ್ಶನಗಳು, ಯೋಗ, ಪುರಾಣ, ನಾಟಕ ಎಲ್ಲವೂ ಅದರಲ್ಲಿ ಬರುತ್ತವೆ. ಶೈವಮಠದಲ್ಲಿ ಬೌದ್ಧದರ್ಶನಕ್ಕೂ ಸ್ಥಳವಿದ್ದಿತು. ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿದ್ದುವು. ಇಷ್ಟಕ್ಕೆಲ್ಲ ಆಧಾರ ದಾನದ ಭೂಮಿ. ಕೊಟ್ಟವರು ಯಾರು, ಕೊಟ್ಟದ್ದು ಎಷ್ಟು, ಏತಕ್ಕಾಗಿ, ಎಲ್ಲೆಗಳಾವುವು, ಸಾಕ್ಷಿಗಳಾರು, ತಪ್ಪಿದವನಿಗೆ ಬರುವ ಪಾಪವೇನು ಎಂಬುದನ್ನೆಲ್ಲ ಕಲ್ಲಿನಲ್ಲಿ ಬರೆಸದೆ ಆ ಕಾಲದವರು ದಾನವನ್ನು ಮುಗಿಸುತ್ತಿರಲಿಲ್ಲ. ನಮ್ಮ ಪೂರ್ವಿಕರು ಮಾತಿನ ಮೇಲೆ ನಡೆಯುತ್ತಿದ್ದರೆಂದು ಹೊಗಳುವುದುಂಟು. ಅವರು ಬರೆಹದ ಮೇಲೆ ನಡೆಯುತ್ತಿದ್ದರೆಂದು ಶಾಸನಗಳೇ ಹೇಳುತ್ತವೆ.

ಕೆರೆಯ ನೀರು

ಮೊದಲು ಮೋಡದ ಗುಣವನ್ನು ಹೇಳುವುದು ನ್ಯಾಯ. ಬಳ್ಳಿಗಾವೆಗೆ ಸಮೀಪದಲ್ಲಿಯೇ ತಾಳಗುಂದ. ಅಲ್ಲಿನ ಸ್ತಂಭಶಾಸನವನ್ನು ರಚಿಸಿದ ಕವಿ ಕುಬ್ಜ, ಕದಂಬ ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತಾನೆ. ಮನೆಗೊಂದು ಬಾವಿ ತೋಡುವುದಕ್ಕೂ ಊರಿಗೊಂದು ಕೆರೆ ಕಟ್ಟುವುದಕ್ಕೂ ಇರುವ ಭೇದವೇ ಹಳೆಯ ಗಣಕಕೊಠಡಿಗೂ ಕ್ಲೌಡಿಗೂ ಇರುವ ಭೇದ.

ವಿಶ್ವವಿದ್ಯಾನಿಲಯವೊಂದರ ಫಲಿತಾಂಶ ಪ್ರಕಟವಾಗುವ ದಿನವನ್ನು ನೆನೆಯಿರಿ. ವರ್ಷದಲ್ಲಿ ಎರಡು ಮೂರು ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುತ್ತಾರೆ. ಮಿಕ್ಕ ದಿನ ಅಲ್ಲಿ ನೊಣವೂ ಹಾರುವುದಿಲ್ಲ. ಆ ಎರಡು ದಿನಕ್ಕಾಗಿ ದೊಡ್ಡ ಯಂತ್ರ ಕೊಂಡರೆ ವರ್ಷವೆಲ್ಲ ಅದು ದಂಡ. ಕೊಳ್ಳದಿದ್ದರೆ ಆ ದಿನ ಎಲ್ಲರಿಗೂ ಸಂಕಟ. ಬಾಡಿಗೆಯ ಯಂತ್ರವಾದರೆ ಆ ದಿನಕ್ಕೆ ನೂರು ಪಟ್ಟು ಹಿಗ್ಗಿಸಿ ಮರುದಿನ ಕುಗ್ಗಿಸಬಹುದು. ಬಡ ಕಾಲೇಜಿನ ಅಧ್ಯಾಪಕನೊಬ್ಬ ಸಾವಿರ ಶಾಸನಗಳ ಅಕ್ಷರಗಳನ್ನು ಯಂತ್ರದಿಂದ ಓದಿಸಬೇಕೆಂದರೆ, ಎಂದೆಂದಿಗೂ ಕೊಳ್ಳಲಾಗದ ಯಂತ್ರವನ್ನು ನಾಲ್ಕು ಗಂಟೆಗಳ ಮಟ್ಟಿಗೆ ಬಳಸಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿದು ಸಾರ್ವಜನಿಕರಿಗೆ ದೊರೆಯುವಂತೆ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಸವೆದ ಅಕ್ಷರಗಳು ಅವುಗಳಲ್ಲಿ ಎದ್ದು ಕಾಣುತ್ತವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳು ಒಟ್ಟಾಗಿ ಸಿಗುತ್ತವೆ. ಸೊರಬದ ವಿದ್ಯಾರ್ಥಿ ಅವುಗಳಿಗಾಗಿ ರೈಲು ಹತ್ತಬೇಕಾಗಿಲ್ಲ.

ಕಾಗದವೇನೂ ಚಿರಂಜೀವಿಯಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನೌಕರಿಯ ನಿಮಿತ್ತ ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿಯ ನಕಲು ಬೇಕಾಯಿತು. ವಿಶ್ವವಿದ್ಯಾನಿಲಯದ ಹೆಸರು ಇಲ್ಲಿ ಬೇಡ. ಮೂರು ಸಲ ಹೋಗಿಬಂದ ಮೇಲೆ, "ಆ ವರ್ಷದ ಲೆಡ್ಜರಿಗೆ ಗೆದ್ದಲು ಹಿಡಿದಿದೆಯಂತೆ, ಸರ್. ನಾನು ಪಾಸಾದದ್ದಕ್ಕೆ ಈಗ ಗೆದ್ದಲೇ ಸಾಕ್ಷಿ" ಎಂದು ಅವನು ನಗುತ್ತ ಹೇಳಿದ, ನಗೆಯ ಹಿಂದೆ ನೋವಿದ್ದಿತು. ಡಿಜಿಲಾಕರ್ ಎಂಬ ಸರ್ಕಾರಿ ಪೆಟ್ಟಿಗೆಯಲ್ಲಿ ಅಂಕಪಟ್ಟಿಯನ್ನು ನೇರವಾಗಿ ಪಡೆಯುವ ಇಂದಿನ ಹುಡುಗರಿಗೆ ಈ ಅಲೆದಾಟವಿಲ್ಲ. ಇದು ಅಲ್ಪ ಲಾಭವಲ್ಲ.

ನಮ್ಮ ರಾಜ್ಯದಲ್ಲಿ ಒಟ್ಟುಗೂಡಿಸುವ ಪ್ರಯತ್ನ ೨೦೨೧ರಿಂದ ಬಲವಾಗಿ ನಡೆದಿದೆ. 'ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ' ಎಂಬ ಉದ್ದನೆಯ ಹೆಸರಿನ, ಯು. ಯು. ಸಿ. ಎಂ. ಎಸ್. ಎಂದು ವಿದ್ಯಾರ್ಥಿಗಳು ಕರೆಯುವ ಏರ್ಪಾಡು, ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸಗಳನ್ನು ಒಂದೇ ಸೂರಿನಡಿ ತರಲು ಹೊರಟಿತು. ಉದ್ದೇಶ ಉತ್ತಮವೇ. ಆದರೆ ಫಲಿತಾಂಶವೂ ಅಂಕಪಟ್ಟಿಯೂ ತಡವಾದುವೆಂಬ ದೂರುಗಳು ಮುಂದಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದುವು. ಊರಿಗೊಂದೇ ಕೆರೆಯಾದಾಗ ತೂಬು ಕಟ್ಟಿದರೆ ಎಲ್ಲರ ಗದ್ದೆಯೂ ಒಣಗುತ್ತದೆ. ಆದುದರಿಂದ ಕೆರೆಯನ್ನು ಬೇಡವೆನ್ನಬೇಕಾಗಿಲ್ಲ. ತೂಬನ್ನು ನೋಡಿಕೊಳ್ಳುವ ನೀರುಗಂಟಿಯೊಬ್ಬ ನಮ್ಮವನಿರಬೇಕು.

ಕೊಳಗ ಯಾರ ಕೈಯಲ್ಲಿ?

ಸೊರಬಕ್ಕೆ ಮಗ್ಗುಲಾದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿ ರೈತರು ಸತ್ಯಾಗ್ರಹ ಹೂಡಿದುದು ಸುಪ್ರಸಿದ್ಧ. ಆ ವಿವಾದದ ಮೂಲದಲ್ಲಿದ್ದುದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೆಷ್ಟಿರಬೇಕು, ಅದನ್ನು ನಿರ್ಧರಿಸುವವರಾರು ಎಂಬ ಪ್ರಶ್ನೆ ಕಡೆಗೆ ಭೂಮಿ ಯಾರದೆಂಬ ಪ್ರಶ್ನೆಗೆ ಮುಟ್ಟಿತು.

ಮೋಡದಲ್ಲಿಯೂ ಎಲ್ಲವೂ ಅಳತೆಯ ಮೇಲೆಯೇ. ಎಷ್ಟು ಸ್ಥಳ, ಎಷ್ಟು ಹೊತ್ತು, ಎಷ್ಟು ಮಾಹಿತಿ ಒಳಗೆ ಬಂದಿತು, ಎಷ್ಟು ಹೊರಗೆ ಹೋಯಿತು ಎಂದು ಅಳೆದು ತಿಂಗಳಿಗೊಮ್ಮೆ ಲೆಕ್ಕ ಕಳುಹಿಸುತ್ತಾರೆ. ಕೊಳಗವಿರುವುದು ಒಡೆಯನ ಕೈಯಲ್ಲಿ. ವಿದ್ಯಾಸಂಸ್ಥೆಗಳಿಗೆ ಗೂಗಲ್ ಸಂಸ್ಥೆ ಕೆಲವು ಕಾಲ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಕೊಡುತ್ತಿದ್ದಿತು. ಪ್ರಪಂಚದ ಅನೇಕ ವಿಶ್ವವಿದ್ಯಾನಿಲಯಗಳು ಅಂಚೆ, ಪಾಠ, ಸಂಶೋಧನೆಯ ಕಡತ ಎಲ್ಲವನ್ನೂ ಅಲ್ಲಿ ತುಂಬಿದುವು. ೨೦೨೧ರ ಫೆಬ್ರವರಿಯಲ್ಲಿ ಸಂಸ್ಥೆ ತನ್ನ ನಿಯಮವನ್ನು ಬದಲಾಯಿಸಿ, ೨೦೨೨ರ ಜುಲೈಯಿಂದ ಒಂದು ವಿದ್ಯಾಸಂಸ್ಥೆಗೆ ಒಟ್ಟಾರೆ ೧೦೦ ಟೆರಾಬೈಟ್ ಮಾತ್ರ ಉಚಿತವೆಂದು ಸಾರಿತು. ಇದರಲ್ಲಿ ಮೋಸವೇನೂ ಇರಲಿಲ್ಲ. ವರ್ಷಕ್ಕೂ ಹೆಚ್ಚು ಮೊದಲೇ ತಿಳಿಸಿದ್ದರು. ಆದರೂ ಸಾವಿರಾರು ಮಂದಿ ಅಧ್ಯಾಪಕರ ಹತ್ತು ವರ್ಷದ ಕಡತಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳೇ ತಡಬಡಿಸಿದುವು. ಉಚಿತವಾಗಿ ಬಂದುದನ್ನು ಕೇಳಿ ಪಡೆಯಲು ನಮಗೆ ಯಾವ ಪತ್ರವೂ ಇರುವುದಿಲ್ಲವಷ್ಟೆ.

ಕಣಜಕ್ಕೆ ಕಾಳು ತುಂಬುವಾಗ ಹಣ ಕೇಳದೆ, ಹೊರಕ್ಕೆ ತೆಗೆಯುವಾಗ ಹಣ ಕೇಳುವ ಪದ್ಧತಿಯೂ ಈ ವ್ಯಾಪಾರದಲ್ಲಿ ಬಹುಕಾಲದಿಂದ ಇದೆ. ಪೂರ್ತಿಯಾಗಿ ಬಿಟ್ಟುಹೋಗುವ ಗಿರಾಕಿಗಳಿಂದ ಈ ಶುಲ್ಕವನ್ನು ಪಡೆಯುವುದಿಲ್ಲವೆಂದು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು ೨೦೨೪ರಲ್ಲಿ ಘೋಷಿಸಿದುವು. ಇದು ಒಳ್ಳೆಯದೇ. ಆದರೆ ಘೋಷಣೆ ಬೇರೆ, ನಮ್ಮ ಒಪ್ಪಂದದಲ್ಲಿ ಬರೆದ ಮಾತು ಬೇರೆ.

ಕಂಚಿಯ ರಾವುತ

ತಾಳಗುಂದದ ಶಾಸನದಲ್ಲಿಯೇ ಇನ್ನೊಂದು ಕಥೆಯಿದೆ. ಮಯೂರಶರ್ಮನೆಂಬ ಬ್ರಾಹ್ಮಣ ಯುವಕನು ಗುರು ವೀರಶರ್ಮನೊಡನೆ ಉನ್ನತ ವ್ಯಾಸಂಗಕ್ಕಾಗಿ ಕಂಚಿಯ ಘಟಿಕಾಸ್ಥಾನವನ್ನು ಸೇರಿದನು. ಅಲ್ಲಿ ಪಲ್ಲವರ ಕುದುರೆಯ ಸವಾರನೊಬ್ಬನೊಡನೆ ಜಗಳವಾಯಿತು. ಅವಮಾನದಿಂದ ಕುದಿದ ಯುವಕನು ಓದನ್ನು ಬಿಟ್ಟು ಖಡ್ಗವನ್ನು ಹಿಡಿದನು. ಕದಂಬ ರಾಜ್ಯ ಹುಟ್ಟಿತು. ಕನ್ನಡಿಗರು ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದುದೇ. ಅದರೊಳಗೆ ವಿದ್ಯಾರ್ಥಿಯ ಕಷ್ಟವೊಂದೂ ಇದೆ. ಘಟಿಕೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಆದರೆ ಅದು ಇದ್ದ ಊರು ಪಲ್ಲವರದು, ಬೀದಿಯಲ್ಲಿ ಓಡಾಡುವ ಕುದುರೆಯೂ ಅವರದೇ. ಓದಿಗೆ ಸಂಬಂಧವಿಲ್ಲದ ಕಲಹವೊಂದು ಓದನ್ನು ಮುರಿಯಿತು.

೨೦೨೫ರ ಜುಲೈಯಲ್ಲಿ ಗುಜರಾತಿನ ನಯಾರಾ ಎನರ್ಜಿ ಎಂಬ ತೈಲ ಸಂಸ್ಥೆಗೆ ಇಂಥ ಅನುಭವವಾಯಿತು. ರಷ್ಯದ ಬಂಡವಾಳವಿರುವ ಆ ಸಂಸ್ಥೆಯ ಮೇಲೆ ಯೂರೋಪಿನ ಒಕ್ಕೂಟ ನಿರ್ಬಂಧ ಹೇರಿತು. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಸೇವೆಗಳನ್ನು ನಿಲ್ಲಿಸಿತು. ಭಾರತದ ನೆಲದ ಮೇಲಿರುವ ಕಾರ್ಖಾನೆಯ ನೌಕರರಿಗೆ ತಮ್ಮ ಅಂಚೆಯೇ ದೊರೆಯದಾಯಿತು. ಸಂಸ್ಥೆ ದೆಹಲಿಯ ಹೈಕೋರ್ಟಿಗೆ ಹೋಯಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ನಿರ್ಬಂಧದ ನ್ಯಾಯಾನ್ಯಾಯವನ್ನು ಇಲ್ಲಿ ಚರ್ಚಿಸುವುದಿಲ್ಲ. ತೈಲ ಸಂಸ್ಥೆಗೆ ಹೈಕೋರ್ಟಿಗೆ ಹೋಗುವ ಶಕ್ತಿಯಿದ್ದಿತು. ಪರೀಕ್ಷೆ ಹತ್ತಿರವಾದಾಗ ಒಂದು ಸಣ್ಣ ವಿಶ್ವವಿದ್ಯಾನಿಲಯಕ್ಕೆ ಇದೇ ಗತಿ ಬಂದರೆ ಏನು ಮಾಡೀತು ಎಂಬುದೇ ನನ್ನ ಚಿಂತೆ.

ಎರಡು ಅಪಘಾತಗಳು

ಇನ್ನು ಕೇವಲ ಆಕಸ್ಮಿಕದ ವಿಚಾರ. ಆಸ್ಟ್ರೇಲಿಯದಲ್ಲಿ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯೊಂದಿದೆ. ಅದು ಮೂಲತಃ ವಿಶ್ವವಿದ್ಯಾನಿಲಯಗಳ ನೌಕರರಿಗಾಗಿ ಹುಟ್ಟಿದುದು. ಸದಸ್ಯರು ಆರು ಲಕ್ಷಕ್ಕೂ ಹೆಚ್ಚು. ೨೦೨೪ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನಲ್ಲಿದ್ದ ಆ ನಿಧಿಯ ಖಾತೆ ಸಿದ್ಧತೆಯ ದೋಷವೊಂದರಿಂದ ಅಳಿಸಿಹೋಯಿತು. ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಯಿರುವಂತೆ ಏರ್ಪಾಡಿದ್ದರೂ ಎರಡೂ ಒಂದೇ ಖಾತೆಗೆ ಸೇರಿದ್ದುದರಿಂದ ಎರಡೂ ಹೋದುವು. ನಿಧಿಯವರು ಇನ್ನೊಬ್ಬ ವ್ಯಾಪಾರಿಯ ಬಳಿ ಮೂರನೆಯ ಪ್ರತಿಯನ್ನು ಇರಿಸಿದ್ದುದೇ ಅವರನ್ನು ಉಳಿಸಿತು.

ಎರಡನೆಯದು ದಕ್ಷಿಣ ಕೊರಿಯದ್ದು. ೨೦೨೫ರ ಸೆಪ್ಟೆಂಬರ್ ೨೬ರಂದು ಡೇಜಾನ್ ನಗರದ ಸರ್ಕಾರಿ ಮಾಹಿತಿ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಸರ್ಕಾರಿ ನೌಕರರು ಕೆಲಸದ ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹದ ೮೫೮ ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಬಹಳ ದೊಡ್ಡದಾಗಿದ್ದ ಕಾರಣ ಅದಕ್ಕೆ ಬೇರೆ ಪ್ರತಿ ಇರಿಸಿರಲಿಲ್ಲ. ಮೊದಲನೆಯದು ಖಾಸಗಿ ಸಂಸ್ಥೆಯ ಮೋಡ, ಎರಡನೆಯದು ಸರ್ಕಾರದ್ದೇ ಮೋಡ. ಮೋಡ ಸ್ವದೇಶಿಯಾದ ಮಾತ್ರಕ್ಕೆ ನಿಶ್ಚಿಂತೆಯಿಲ್ಲವೆಂಬುದಕ್ಕೆ ಇಷ್ಟು ಸಾಕು. ಇನ್ನೊಂದು ಕಡೆ ಪ್ರತಿಯಿಟ್ಟವರು ಉಳಿದರು, ಇಡದವರು ಕಳೆದುಕೊಂಡರು.

ಅಕ್ಷರದ ಪ್ರಶ್ನೆ

ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ನಮ್ಮ ಭಾಷೆಯ ಸಂಶೋಧನ ಪ್ರಬಂಧಗಳಲ್ಲಿ ಬಹುಪಾಲು, ಯೂನಿಕೋಡ್ ಎಂಬ ವಿಶ್ವಸಾಮಾನ್ಯ ಅಕ್ಷರ ಸಂಕೇತವು ಕನ್ನಡದಲ್ಲಿ ರೂಢಿಗೆ ಬರುವ ಮುನ್ನ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಬೆರಳಚ್ಚಾದುವು. ಆ ಕಾಲಕ್ಕೆ ಆ ತಂತ್ರಾಂಶಗಳು ಮಾಡಿದ ಉಪಕಾರ ದೊಡ್ಡದು. ಆದರೆ ಅದೇ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. 'ಜಕ್ಕಿಯಬ್ಬೆ' ಎಂದು ಹುಡುಕಿದರೆ, ಆಕೆಯ ಮೇಲೆ ನೂರು ಪುಟ ಬರೆದ ಪ್ರಬಂಧವೇ ಸಿಕ್ಕುವುದಿಲ್ಲ. ಕಡತ ಮೋಡದಲ್ಲಿ ಕ್ಷೇಮವಾಗಿರುತ್ತದೆ. ಓದುವವರಿಗೆ ಮಾತ್ರ ಇಲ್ಲ. ಸಾವಿರ ವರ್ಷದ ಹಿಂದಿನ ಹಳಗನ್ನಡದ ಕಲ್ಲನ್ನು ಇಂದು ಓದಬಲ್ಲೆವು. ಇಪ್ಪತ್ತೈದು ವರ್ಷದ ಹಿಂದಿನ ಕಡತವನ್ನು ಓದಲಾರೆವು! ಹಳೆಯ ಪ್ರಬಂಧಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಯಾವ ವ್ಯಾಪಾರಿಯದೂ ಅಲ್ಲ. ಅದನ್ನು ಕನ್ನಡ ವಿಭಾಗಗಳೇ ಮಾಡಬೇಕು. ಕರಡು ತಿದ್ದಲು ಕನ್ನಡ ಬಲ್ಲ ಕಣ್ಣೇ ಬೇಕು.

ಊರು ಹಾಳಾದರೆ

ಒಮ್ಮೆ ಪದವಿ ತರಗತಿಯ ಮಕ್ಕಳನ್ನು ಬಂದಳಿಕೆಗೆ ಕರೆದುಕೊಂಡು ಹೋಗಿದ್ದೆನು. ಜಕ್ಕಿಯಬ್ಬೆಯ ಕಥೆಯನ್ನು ಕೇಳಿದ ಮೇಲೆ ವಿದ್ಯಾರ್ಥಿನಿಯೊಬ್ಬಳು, "ಸರ್, ಊರು ಹೋಯ್ತು, ಕಲ್ಲು ಉಳೀತು. ನಮ್ಮ ಕಾಲೇಜು ಮುಚ್ಚಿಹೋದ್ರೆ ನಾವು ಇಲ್ಲಿ ಓದಿದ್ವಿ ಅನ್ನೋದಕ್ಕೆ ಏನು ಉಳಿಯುತ್ತೆ?" ಎಂದು ಕೇಳಿದಳು. ಮಿಕ್ಕವರು ನಕ್ಕರು. ನನಗೆ ನಗು ಬರಲಿಲ್ಲ.

ಪ್ರಶ್ನೆ ಹುಡುಗಾಟದ್ದಲ್ಲ. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು ಮುಂತಾದ ಕಡೆ ಏಳು ಹೊಸ ವಿಶ್ವವಿದ್ಯಾನಿಲಯಗಳು ಆರಂಭವಾದುವು. ಹಾವೇರಿ ಶಿಕಾರಿಪುರದ ನೆರೆಯ ಜಿಲ್ಲೆ. ೨೦೨೫ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹಣಕಾಸಿನ ಕಾರಣದಿಂದ, ಈಚೆಗೆ ಹುಟ್ಟಿದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಅಭಿಪ್ರಾಯಕ್ಕೆ ಬಂದಿತು. ಅದಕ್ಕೆ ವಿರೋಧವೂ ಎದ್ದಿತು. ಮುಚ್ಚುವುದು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ವಿಶ್ವವಿದ್ಯಾನಿಲಯವೂ ಹುಟ್ಟುತ್ತದೆ, ಕೂಡಿಕೊಳ್ಳುತ್ತದೆ, ಮುಚ್ಚಲೂಬಹುದು ಎಂಬುದು ಇದರಿಂದ ಕಣ್ಣಿಗೆ ಕಟ್ಟಿತು. ಕಾಗದದ ಕಾಲದಲ್ಲಿ ಸಂಸ್ಥೆ ಮುಚ್ಚಿದರೆ ಲೆಡ್ಜರುಗಳನ್ನು ಲಾರಿಯಲ್ಲಿ ತುಂಬಿ ಇನ್ನೊಂದು ಕಡೆಗೆ ಕಳುಹಿಸಬಹುದಾಗಿತ್ತು. ಮೋಡದಲ್ಲಿ ಬಾಡಿಗೆ ಕಟ್ಟುವವರಿಲ್ಲದಿದ್ದರೆ ಗಡುವಿನ ಮೇಲೆ ಮನೆ ಖಾಲಿಯಾಗುತ್ತದೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ.

ಹೊಸ ಶಾಸನ

ಹಾಗಾದರೆ ಮಾಡಬೇಕಾದುದೇನು? ಮೋಡವನ್ನು ತೊರೆದು ಕಚೇರಿಯ ಮೂಲೆಯ ಯಂತ್ರಕ್ಕೆ ಮರಳಬೇಕೆಂದು ನಾನು ಹೇಳುವುದಿಲ್ಲ. ಆ ಯಂತ್ರಕ್ಕೂ ಮಲೆನಾಡಿನ ಸಿಡಿಲು ಹೊಡೆಯುತ್ತದೆ, ಅದನ್ನು ಬಲ್ಲವನು ವರ್ಗವಾಗಿ ಹೋಗುತ್ತಾನೆ. ಮೋಡಕ್ಕೆ ಹೋಗಬೇಕು, ಹೋಗುವಾಗ ಪತ್ರ ಬರೆಸಿಕೊಂಡು ಹೋಗಬೇಕು. ಆ ಪತ್ರದಲ್ಲಿ ಇರಬೇಕಾದುವು ಇವು.

ಮೊದಲನೆಯದು ಒಡೆತನ. ದಾಖಲೆ ವಿಶ್ವವಿದ್ಯಾನಿಲಯದ್ದು, ಅದರಲ್ಲಿರುವ ವಿವರ ವಿದ್ಯಾರ್ಥಿಯದು, ಇಟ್ಟುಕೊಂಡವನು ಕಾವಲುಗಾರ ಮಾತ್ರ. ಬೇರೆ ಯಾವ ಉಪಯೋಗಕ್ಕೂ ಅದನ್ನು ಮುಟ್ಟಕೂಡದು. ವ್ಯಕ್ತಿಗಳ ಮಾಹಿತಿಯನ್ನು ಕಾಪಾಡುವ ಕಾನೂನು ೨೦೨೩ರಲ್ಲಿ ದೇಶಕ್ಕೆ ಬಂದಿದೆ. ಅದನ್ನು ಓದಿದ ಒಬ್ಬರಾದರೂ ಪ್ರತಿ ಕುಲಸಚಿವರ ಕಚೇರಿಯಲ್ಲಿರಲಿ.

ಎರಡನೆಯದು ಹೊರಬಾಗಿಲು. ಬಿಟ್ಟುಹೋಗಬೇಕೆಂದರೆ ಎಷ್ಟು ದಿನದಲ್ಲಿ, ಎಷ್ಟು ವೆಚ್ಚದಲ್ಲಿ, ಬೇರೆ ಯಂತ್ರವೂ ಓದಬಲ್ಲ ಯಾವ ರೂಪದಲ್ಲಿ ದಾಖಲೆಗಳನ್ನು ಹಿಂದಿರುಗಿಸಬೇಕೆಂಬುದು ಒಳಗೆ ಹೋಗುವ ದಿನವೇ ನಿರ್ಧಾರವಾಗಬೇಕು. ಸಂಸ್ಥೆಯೇ ಮುಚ್ಚಿದರೆ ಯಾರ ವಶಕ್ಕೆ ಕೊಡಬೇಕೆಂಬುದೂ ಅಲ್ಲಿಯೇ ಬರಬೇಕು. ಜಕ್ಕಿಯಬ್ಬೆ ಮಗಳಿಗೆ ವಹಿಸಿದಂತೆ, ವಹಿಸಿಕೊಳ್ಳುವವರ ಹೆಸರಿರಬೇಕು.

ಮೂರನೆಯದು ಪ್ರತಿ. ಮುಖ್ಯವಾದ ದಾಖಲೆಗೆ ಮೂರು ಪ್ರತಿಗಳಿರಲಿ. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನಲ್ಲಿ, ಬೇರೆ ಒಡೆತನದಲ್ಲಿರಲಿ. ಇದು ಯಂತ್ರಜ್ಞರು ಮೊದಲಿನಿಂದಲೂ ಹೇಳುತ್ತ ಬಂದಿರುವ ಸೂತ್ರ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಒಂದು ಅಂಕಪಟ್ಟಿಯನ್ನು ನಿಜವಾಗಿ ತೆಗೆದು ನೋಡಲಿ.

ನಾಲ್ಕನೆಯದು ನಿಧಿ. ಯಂತ್ರವನ್ನು ಒಮ್ಮೆ ಕೊಂಡರೆ ಮುಗಿಯಿತು. ಬಾಡಿಗೆ ತಿಂಗಳು ತಿಂಗಳೂ ಬರುತ್ತದೆ. ಅನುದಾನ ತಡವಾದ ವರ್ಷ ದಾಖಲೆಗೆ ಅಪಾಯ ಬರಬಾರದು. ಕೋಡಿಯಮಠಕ್ಕೆ ದಾನಿಗಳು ಹಣದ ಗಂಟನ್ನಷ್ಟೇ ಕೊಡದೆ ವರ್ಷವರ್ಷವೂ ಬೆಳೆ ಬರುವ ಭೂಮಿಯನ್ನು ಕೊಟ್ಟುದರ ಗುಟ್ಟು ಇದೇ.

ಐದನೆಯದು ಜನ. ಏನಾಗುತ್ತಿದೆಯೆಂದು ಅರಿತು, ವ್ಯಾಪಾರಿಯನ್ನು ಪ್ರಶ್ನಿಸಬಲ್ಲ ಇಬ್ಬರು ಮೂವರನ್ನು ಪ್ರತಿ ವಿಶ್ವವಿದ್ಯಾನಿಲಯವೂ ಖಾಯಂ ನೌಕರಿಯಲ್ಲಿ ಇಟ್ಟುಕೊಳ್ಳಬೇಕು. ಹೊರಗುತ್ತಿಗೆಯ ಹುಡುಗ ಕೆಲಸ ಬಿಟ್ಟ ದಿನ ಬೀಗದಕೈಯೂ ಅವನೊಡನೆ ಹೋಗಬಾರದು.

ಕಡೆಯದು ಬಡವನ ಬಾಗಿಲು. ೨೦೨೦ರಲ್ಲಿ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಜಾಲದ ಮೇಲೆ ನಡೆದಾಗ, ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು ಯಾರೂ ಮರೆತಿಲ್ಲ. ಜಾಲವಿಲ್ಲದ ಊರಿನ ವಿದ್ಯಾರ್ಥಿ ಕಾಲೇಜಿನ ಕಿಟಕಿಯ ಬಳಿ ನಿಂತು ಅರ್ಜಿ ಕೊಟ್ಟು, ಮೊಹರು ಬಿದ್ದ ಕಾಗದ ಪಡೆಯುವ ಹಕ್ಕು ಇನ್ನೂ ಬಹುಕಾಲ ಉಳಿದಿರಬೇಕು. ಕುರುಡರಿಗೂ ಕುಂಟರಿಗೂ ಅನ್ನವಿಟ್ಟ ಮಠದ ನೆರೆಯವರು ನಾವು.

ಇವಾವುವೂ ಕೋಟಿ ರೂಪಾಯಿಗಳ ಮಾತಲ್ಲ. ಬಹುಪಾಲು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ವಾರ ಕುಳಿತು ಓದುವ ಮಾತು. ವಿದ್ಯಾವಿಷಯಕ ಪರಿಷತ್ತಿನಲ್ಲಿ ಕುಳಿತಿರುವ ಅಧ್ಯಾಪಕರು, "ಇದು ಕಂಪ್ಯೂಟರಿನವರ ಕೆಲಸ" ಎಂದು ಈ ಕಡತವನ್ನು ಪಕ್ಕಕ್ಕೆ ಸರಿಸದಿರಲಿ. ಚರಿತ್ರೆ ಓದಿದವರೂ ಕನ್ನಡ ಓದಿದವರೂ ಆ ಮೇಜಿನ ಬಳಿ ಇರಬೇಕು. ದಾನಶಾಸನದಲ್ಲಿ ಏನೇನು ಬರೆದಿರುತ್ತಿದ್ದರು, ಏಕೆ ಬರೆದಿರುತ್ತಿದ್ದರು ಎಂಬುದನ್ನು ಬಲ್ಲವರು ಅವರೇ. ಮುಂದಿನ ಬಾರಿ ತಮ್ಮ ವಿಶ್ವವಿದ್ಯಾನಿಲಯ ಇಂಥ ಒಪ್ಪಂದವನ್ನು ಮಾಡಿಕೊಳ್ಳುವಾಗ, ಅದರ ಎಲ್ಲೆಗಳಾವುವು, ಸಾಕ್ಷಿಗಳಾರು, ತಪ್ಪಿದರೆ ಗತಿಯೇನು ಎಂಬ ಮೂರು ಪ್ರಶ್ನೆಗಳನ್ನು ವಾಚಕರಲ್ಲಿ ಅಧ್ಯಾಪಕರಾಗಿರುವವರು ಕೇಳಲಿ, ವಿದ್ಯಾರ್ಥಿಗಳಾಗಿರುವವರೂ ಕೇಳಲಿ. ಉತ್ತರ ಬರುವವರೆಗೆ ಸಹಿ ಬೀಳದಿರಲಿ.